ಫ್ಯಾಮಿಲಿ ರೂಮಿನ ಮಸಾಲೆ ದೋಸೆ

ಆ ಕಾಲದ ಹೋಟೆಲುಗಳ ಬಗ್ಗೆ ನಮ್ಮ ಪುತ್ತೂರು ಕಡೆಯವರು ಬರೆಯುವುದನ್ನು ಓದಿದರೆ ನನಗೆ ಮೈ ಉರಿಯುತ್ತದೆ. ಆ ಸಾಂಬಾರಿನ ಪರಿಮಳವಂತೆ, ಆ ಬನ್ಸಂತೆ, ಸಂತೆಯ ದಿನ ಅಪ್ಪನ ಕೈ ಹಿಡಿದು ಹೋಗಿ ತಿಂದ ಗೋಳಿಬಜೆಯಂತೆ. ಮೊಬೈಲು ತೆರೆದರೆ ದಿನಾ ಒಬ್ಬರಾದರೂ ಕಣ್ಣೀರು ಹಾಕುತ್ತಿರುತ್ತಾರೆ. ಹಾಕಲಿ ಮಾರಾಯ್ರೆ, ನಾನು ಬೇಡ ಎನ್ನುವುದಿಲ್ಲ. ಆದರೆ ಬರೆಯುವವರೆಲ್ಲ ಒಳಗೆ ಕೂತು ತಿಂದವರು. ಹೋಟೆಲಿನ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತವರು ಬರೆದದ್ದನ್ನು ನಾನಂತೂ ಓದಿಲ್ಲ. ನನ್ನ ಅಮ್ಮ ಹಾಗೆ ನಿಂತವಳು. ಪಕ್ಕದಲ್ಲಿ ಅವಳ ಸೆರಗು ಹಿಡಿದು ಮಗಳು ನಾನೂ ನಿಂತಿದ್ದೆ.

ನಾನು ಮೂರನೇ ಕ್ಲಾಸು ಮುಗಿಸಿದ ದೊಡ್ಡ ರಜೆ ಅದು. ಕಾಣಿಯೂರಿನ ನಮ್ಮ ಮನೆಯಲ್ಲಿ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪುತ್ತೂರಿನ ದರ್ಬೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಜೊತೆಗೆ ಇರುವವರು ಯಾರು? ಅಜ್ಜಿಗೆ ಬಸ್ಸು ಹತ್ತಿದರೆ ತಲೆ ತಿರುಗುತ್ತದೆ. ಅಪ್ಪನಿಗೂ ದೊಡ್ಡಪ್ಪನಿಗೂ ಕೆಲಸ. ದೊಡ್ಡಮ್ಮನಿಗೆ ಸೊಂಟ ನೋವು. ಉಳಿದವಳು ಅಮ್ಮ. ಅವಳ ಜೊತೆಗೆ ರಜೆಯಲ್ಲಿದ್ದ ನಾನು. (ಅಮ್ಮ ಮನೆಯಲ್ಲಿಲ್ಲದ ಆ ತಿಂಗಳು ದೊಡ್ಡಮ್ಮನ ಸೊಂಟ ನೋವು ತನ್ನಷ್ಟಕ್ಕೇ ವಾಸಿಯಾಗಿ ಅಡುಗೆಯೆಲ್ಲ ಸಾಂಗವಾಗಿ ನಡೆಯಿತು, ಅದು ಬೇರೆ ಮಾತು.)

ನರ್ಸಿಂಗ್ ಹೋಮಿನ ಎದುರಿಗೇ ರಾಯರ ಹೋಟೆಲು. ಬೆಳಿಗ್ಗೆ ತೆಂಗಿನ ಕಡ್ಡಿಯ ಹಿಡಿಸೂಡಿಯಲ್ಲಿ ದೋಸೆ ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಎಂಬ ಶಬ್ದ ರಸ್ತೆ ದಾಟಿ ನಮ್ಮ ಕೋಣೆಗೆ ಕೇಳುತ್ತಿತ್ತು. ಅದರ ಹಿಂದೆಯೇ ತುಪ್ಪದ, ನೀರುಳ್ಳಿಯ ಪರಿಮಳ. ನಮ್ಮ ಮನೆಯೊಳಗೆ ನೀರುಳ್ಳಿ ಬರುವ ಕ್ರಮವೇ ಇರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅಜ್ಜನಿಗೆ ಬೆಳಿಗ್ಗೆ ರಾಯರ ಇಡ್ಲಿ, ಅದೇ ನೀರುಳ್ಳಿ ಸಾಂಬಾರು. "ಸಾಂಬಾರು ಇನ್ನು ಸ್ವಲ್ಪ ಹೊಯ್ಯಿ" ಎಂದು ಕೇಳಿ ಕೇಳಿ ತಿನ್ನುತ್ತಿದ್ದರು. ನಮಗಿಬ್ಬರಿಗೆ ಊರಿನಿಂದ ಮೊದಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬುತ್ತಿ ಬರುತ್ತಿತ್ತು. ಅದು ದರ್ಬೆಗೆ ಮುಟ್ಟುವಾಗ ತಣ್ಣಗಾಗಿ ಗಟ್ಟಿ ಕಟ್ಟಿರುತ್ತಿತ್ತು.

ಹೆಂಗಸರು ಗಂಡಸರಿಲ್ಲದೆ ಹೋಟೆಲಿಗೆ ಹೋಗುವ ಕ್ರಮ ನಮ್ಮ ಕಡೆ ಇರಲಿಲ್ಲ. ಅಮ್ಮ ಹಿಡಿಕೆಯ ಪಾತ್ರೆ, ಫ್ಲಾಸ್ಕ್ ಹಿಡಿದು ಮೆಟ್ಟಿಲ ಹೊರಗೇ ನಿಲ್ಲುತ್ತಿದ್ದಳು.

"ಬಿಸಿಲಲ್ಲಿ ಎಂತಕ್ಕೆ ನಿಲ್ಲುದಕ್ಕ? ಒಳಗೆ ಫ್ಯಾಮಿಲಿ ರೂಮು ಉಂಟು, ಕೂತ್ಕೊಳ್ಳಿ" ಎಂದು ರಾಯರು ಗಲ್ಲಾದಿಂದಲೇ ಕರೆಯುತ್ತಿದ್ದರು.

"ಬೇಡ ರಾಯರೇ, ಮನೆಯವರು ಬಂದಾಗ ಬರ್ತೇವೆ."

ಒಂದು ಸಂಜೆ ಕಿಟಕಿಯ ಹತ್ತಿರ ಕೂತಿದ್ದಾಗ ಅಮ್ಮ ತಾನಾಗಿಯೇ ಹೇಳಿದಳು, "ಮಗಾ, ನಂಗೆ ಒಂದು ಆಸೆ ಉಂಟು. ನಾನು ಕೂತಲ್ಲಿಗೆ ಯಾರಾದ್ರೂ ಒಂದು ಬಿಸಿ ದೋಸೆ ತಂದು ಇಡ್ಬೇಕು. ಮದುವೆಯಾದ ಮೇಲೆ ಬಿಸಿ ದೋಸೆ ತಿಂದದ್ದೇ ನೆನಪಿಲ್ಲ."

ಅದು ನಿಜ. ಮನೆಯಲ್ಲಿ ಅಮ್ಮ ಕಾವಲಿಯ ಮುಂದೆ ಕೂತರೆ ಎಲ್ಲರೂ ತಿಂದು ಎದ್ದ ಮೇಲೆಯೇ ಏಳುವುದು. ಅಷ್ಟು ಹೊತ್ತಿಗೆ ಒಲೆ ಆರಿರುತ್ತಿತ್ತು. ಹರಿದದ್ದು, ಸೀದದ್ದು ಅವಳ ಪಾಲಿಗೆ. ಸಂತೆಗೆ ಹೋದ ಅಪ್ಪ ಯಾವಾಗಲಾದರೂ ನೀರುಳ್ಳಿಯಿಲ್ಲದ ಖಾಲಿ ದೋಸೆ ಕಟ್ಟಿಸಿ ತಂದರೆ ಅದೂ ಬಸ್ಸಿನಲ್ಲಿ ಬೆವರಿ ಎಲೆಗೆ ಅಂಟಿರುತ್ತಿತ್ತು.

ಮುಂದಿನ ಭಾನುವಾರ ಅಪ್ಪ ಅಜ್ಜನನ್ನು ನೋಡಲು ಬಂದಾಗ ಅಮ್ಮ ಬಾಯಿಬಿಟ್ಟು ಕೇಳಿಯೇಬಿಟ್ಟಳು. ಅಪ್ಪ ಕೆಟ್ಟವರೇನಲ್ಲ. "ಅದಕ್ಕೆಂತ? ಡಿಸ್ಚಾರ್ಜಿನ ದಿನ ಹೋಗುವ" ಎಂದರು. ಅಂದಿನಿಂದ ಅಮ್ಮನ ನಡಿಗೆಯೇ ಬದಲಾಯಿತು. ಅಜ್ಜನ ಬೆಡ್‌ಪ್ಯಾನ್ ತೊಳೆಯುವಾಗಲೂ ಏನೋ ಹಾಡು ಗುನುಗುತ್ತಿದ್ದಳು.

ಆ ದಿನ ಬಂತು. ಮಧ್ಯಾಹ್ನ ದೊಡ್ಡಪ್ಪ ಜೀಪು ತರುವುದೆಂದು ನಿಶ್ಚಯವಾಗಿತ್ತು. ಅಮ್ಮ ಬೆಳಿಗ್ಗೆಯೇ ಅಜ್ಜನ ಮೈ ಒರೆಸಿ, ಬಟ್ಟೆ ಬದಲಾಯಿಸಿ, ತಿಂಡಿ ತಿನ್ನಿಸಿ, ತಾನು ಹಸಿರು ಸೀರೆ ಉಟ್ಟುಕೊಂಡಳು. ಅಪ್ಪ ಬೆಳಗಿನ ಬಸ್ಸಿಗೇ ಬಂದಿದ್ದರು, ನಾವು ಮೂವರು ರಾಯರ ಫ್ಯಾಮಿಲಿ ರೂಮಿಗೆ ಹೋದೆವು. ಅರ್ಧ ಬಾಗಿಲಿನ ಸಣ್ಣ ಕೋಣೆ, ಎರಡೇ ಮೇಜು. ನನಗೆ ಬನ್ಸ್ ಹೇಳಿದರು, ಅಪ್ಪನಿಗೂ ಅಮ್ಮನಿಗೂ ಮಸಾಲೆ ದೋಸೆ. ದೋಸೆ ಬಂತು. ಅಂಚು ಕೆಂಪಗೆ, ಮೇಲೆ ತುಪ್ಪ ಇನ್ನೂ ಗುಳ್ಳೆ ಏಳುತ್ತಿತ್ತು. ಅಮ್ಮ ಕೈ ತೊಳೆದು ಬಂದು ಕೂತಳು. ಕೂಡಲೇ ಮುರಿಯಲಿಲ್ಲ, ಸುಮ್ಮನೆ ನೋಡಿದಳು. ಅಯ್ಯೋ, ನೋಡಬಾರದಿತ್ತು, ತಿಂದುಬಿಡಬೇಕಿತ್ತು!

ಮಧ್ಯಾಹ್ನ ಬರಬೇಕಿದ್ದ ದೊಡ್ಡಪ್ಪ ಆಗಲೇ ಅರ್ಧ ಬಾಗಿಲು ದೂಡಿ ಒಳಗೆ ಬಂದರು. ತಮ್ಮನ ಹೆಂಡತಿಯ ಹತ್ತಿರ ನೇರ ಮಾತಾಡುವ ಕ್ರಮ ಇಲ್ಲವಲ್ಲ, ಅಪ್ಪನನ್ನೇ ನೋಡಿ ಹೇಳಿದರು. "ಎಂತ, ಇಲ್ಲಿ ಕೂತಿದ್ದೀರಾ? ಅಲ್ಲಿ ಅಪ್ಪನನ್ನು ಜೀಪಿಗೆ ಹತ್ತಿಸಿ ಆಯ್ತು. ಬಿಸಿಲಲ್ಲಿ ಬೇಯ್ತಾ ಇದ್ದಾರೆ. ಹತ್ತಿರ ಇರ್ಬೇಕಾದವರು ಹೋಟೆಲಲ್ಲಿ ಕೂತ್ರೆ ಹೇಗೆ?"

"ಐದು ನಿಮಿಷ ಅಣ್ಣ" ಎಂದು ಅಪ್ಪ ಹೇಳಬಹುದಿತ್ತು. ಹೇಳುತ್ತಾರೆಂದು ನಾನು ಅವರ ಬಾಯಿಯನ್ನೇ ನೋಡಿದೆ. ಅಪ್ಪ ಎದ್ದು ನಿಂತು, ನಿಂತಲ್ಲೇ ತನ್ನ ದೋಸೆಯನ್ನು ಗಬಗಬನೆ ಬಾಯಿಗೆ ತುರುಕಿಕೊಂಡರು. ಸಪ್ಲೈಯರನಿಗೆ ಅಮ್ಮನ ಪ್ಲೇಟು ತೋರಿಸಿ, "ಇದನ್ನು ಪಾರ್ಸೆಲ್ ಮಾಡಿ" ಎಂದರು. ಅಪ್ಪನ ಕಾಫಿ ಬಂದಿತ್ತು. "ಹೇಗೂ ಬಂದದ್ದು" ಎಂದು ದೊಡ್ಡಪ್ಪ ಅದನ್ನು ಕೂತು, ಊದಿ ಊದಿ ಕುಡಿದರು. ಅಷ್ಟು ಹೊತ್ತು ಅಜ್ಜನಿಗೆ ಬಿಸಿಲು ತಾಗಲಿಲ್ಲವೋ ಏನೋ!

ಕಾಣಿಯೂರಿನವರೆಗೂ ಪೊಟ್ಟಣ ಅಮ್ಮನ ಮಡಿಲಲ್ಲಿತ್ತು. ಹಸಿರು ಸೀರೆಗೆ ತುಪ್ಪದ ಕಲೆ ಹತ್ತಿತು. ಮನೆಯ ಮೆಟ್ಟಿಲಲ್ಲೇ ಅಜ್ಜಿ ಮೂಗು ಮುಚ್ಚಿದರು.

"ಎಂತದು ಅದು? ನೀರುಳ್ಳಿ ನಾತ! ಒಳಗೆ ತರ್ಬೇಡ."

"ಅಜ್ಜ ದಿನಾ ತಿಂತಿದ್ರಲ್ಲ?" ಎಂದೆ ನಾನು.

"ಅವ್ರು ತಿಂದದ್ದು ಆಸ್ಪತ್ರೆಯಲ್ಲಿ. ಅದಕ್ಕೆ ದೋಷ ಇಲ್ಲ. ನೀನು ದೊಡ್ಡವರ ಎದುರು ಮಾತಾಡ್ಬೇಡ."

ಜಗಲಿಯ ಮಂಚದಲ್ಲಿ ಮಲಗಿಸಿದ್ದ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು ಕಣ್ಣು ಮುಚ್ಚಿದರು. ಅಪ್ಪ ಆಗಲೇ ಸ್ನಾನಕ್ಕೆ ಹೋಗಿಯಾಗಿತ್ತು.

ಅಮ್ಮ ಪೊಟ್ಟಣ ಹಿಡಿದು ದನದ ಹಟ್ಟಿಯ ಕಡೆ ನಡೆದಳು. ನಾನೂ ಓಡಿದೆ. ಬಿಡಿಸಿದರೆ ದೋಸೆ ಮುದ್ದೆಯಾಗಿ ಎಲೆಗೆ ಮೆತ್ತಿಕೊಂಡಿತ್ತು.

"ಇಲ್ಲೇ ತಿನ್ನಮ್ಮ, ಯಾರೂ ನೋಡುದಿಲ್ಲ."

"ಹಟ್ಟಿಯಲ್ಲಿ ನಿಂತು ಕದ್ದು ತಿನ್ನುದಾ? ನಾನು ಕೇಳಿದ್ದು ಅದಲ್ಲ ಮಗಾ" ಎಂದಳು. ಎಲೆಸಮೇತ ದನಕ್ಕೆ ಹಾಕಿ, ಕೈ ತೊಳೆದು, ಸೀದಾ ಅಡುಗೆಮನೆಗೆ ಹೋದಳು. ಬೆಳಗಿನ ದೋಸೆಗೆ ಅಕ್ಕಿ ನೆನೆಹಾಕಬೇಕಿತ್ತು. ಅಂದು ರಾತ್ರಿ ದೊಡ್ಡಮ್ಮನ ಸೊಂಟ ಮತ್ತೆ ಹಿಡಿದುಕೊಂಡಿತ್ತು.

ಅದಾದ ಮೇಲೆ ಅಮ್ಮ ಅಪ್ಪನ ಹತ್ತಿರ ಹೋಟೆಲಿನ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ರಾಯರ ಹೋಟೆಲು ಈಗ ಇಲ್ಲ, ಅಲ್ಲಿ ಮೊಬೈಲಿನ ಅಂಗಡಿ ಉಂಟು. ದರ್ಬೆಯಲ್ಲಿ ಹೆಜ್ಜೆಗೊಂದು ಹೋಟೆಲು. ಹುಡುಗಿಯರು ನಾಲ್ಕೈದು ಜನ ಒಟ್ಟಾಗಿ ಬಂದು, ನಕ್ಕು, ಗಲಾಟೆ ಮಾಡಿ ತಿಂದು ಹೋಗುತ್ತಾರೆ. ನೋಡಿದರೆ ನನಗೆ ಸಂತೋಷವಾಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಮೊನ್ನೆ ಅಮ್ಮನನ್ನು ಅಂಥದೊಂದು ಹೋಟೆಲಿಗೆ ಕರೆದುಕೊಂಡು ಹೋದೆ. ನನ್ನ ಗಂಡ, ಮಗ ಜೊತೆಗಿದ್ದರು. ಮೊದಲ ದೋಸೆಯನ್ನು ಅಮ್ಮನ ಮುಂದೆಯೇ ಇಡಿಸಿದೆ. ಅಮ್ಮ ಅದನ್ನು ಮುಟ್ಟಲಿಲ್ಲ. "ಅವರಿಗೆ ಬಂತಾ? ನಿನ್ನ ಮಾಣಿಗೆ ಚಟ್ನಿ ಬೇಕಾ ಕೇಳು" ಎನ್ನುತ್ತಾ ಕೂತಳು. ಅಳಿಯ, ಮೊಮ್ಮಗ ತಿಂದು ಕೈ ತೊಳೆಯಲು ಎದ್ದ ಮೇಲೆ, ಮೆತ್ತಗಾಗಿದ್ದ ದೋಸೆಯ ಒಂದು ಮೂಲೆ ಮುರಿದಳು. ನನಗೆ ತಡೆಯಲಾಗಲಿಲ್ಲ. "ಬಿಸಿ ಇರುವಾಗ ತಿನ್ಲಿಕ್ಕೆ ನಿಂಗೆ ಎಂತ ದಾಡಿ? ಇನ್ನು ಯಾರನ್ನು ಕಾಯುದು ನೀನು?" ಎಂದು ಜೋರಾಗಿಯೇ ಬೈದೆ.

"ಬಿಸಿಯದ್ದು ಈಗ ಗಂಟಲಲ್ಲಿ ಇಳಿಯುದಿಲ್ಲ ಮಗಾ" ಎಂದಳು ಅಮ್ಮ. "ಅಭ್ಯಾಸ ತಪ್ಪಿಹೋಯ್ತು. ನಂಗೆ ಹೀಗೆ ಆರಿದ್ದೇ ರುಚಿ."

ಹಳೆಯ ಹೋಟೆಲುಗಳು ಹೋದವೆಂದು ಊರೆಲ್ಲ ಅಳುತ್ತಿದೆ. ನನ್ನ ಲೆಕ್ಕದಲ್ಲಿ ಹೋದದ್ದು ಅಮ್ಮನ ಆ ಒಂದು ಆಸೆ. ಅದನ್ನು ಕಳೆದವರಾದರೋ, ಅಜ್ಜ, ಅಜ್ಜಿ, ದೊಡ್ಡಪ್ಪ, ಅಪ್ಪ, ಒಬ್ಬೊಬ್ಬರೂ ಬದುಕಿದ್ದಷ್ಟು ದಿನ ಅವಳ ಕೈಯಿಂದ ಬಿಸಿ ಬಿಸಿ ದೋಸೆ ತಿಂದು ಹೋದರು.