ಎಡಚಿ ಕಾರಿನ ಬಲಗಡೆ ಸೀಟು

ಇದನ್ನು ಬರೆಯಲು ಎಷ್ಟು ಸಲ ಕೂತು ಎದ್ದಿದ್ದೇನೋ ನನಗೇ ಗೊತ್ತಿಲ್ಲ. ಒಮ್ಮೆ ಕನ್ನಡಕ ಸಿಗಲಿಲ್ಲ ಎಂದು ಬಿಟ್ಟೆ. ಒಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಆಮೇಲೆ ನೆಪವೂ ಇಲ್ಲದೆ ಬಿಟ್ಟೆ. ನಾನು ಮೆಟ್ರಿಕ್ ಓದಿದವನು. ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ನಟ್ಟು ಬೋಲ್ಟುಗಳ ಹೆಸರು ಬರೆದವನಿಗೆ ಇಷ್ಟು ಬರೆಯುವುದು ಕಷ್ಟವಾಗಬಾರದಿತ್ತು. ಈ ಸಲ ಏಳುವುದಿಲ್ಲ. ಇದು ಒಂದು ಕಾರಿನ ವಿಷಯ, ಆ ಕಾರಿಗಾಗಿ ನಾನು ಹೇಳಿದ ಒಂದು ಸುಳ್ಳಿನ ವಿಷಯ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮುಂಚಿನ ಮಾತು. ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬ ತನ್ನ ಕಾರನ್ನು ಹಡಗಿನಲ್ಲಿ ಬೊಂಬಾಯಿಗೆ ತರಿಸಿಕೊಂಡಿದ್ದ. ಊರಿಗೆ ಮರಳುವಾಗ ಇಲ್ಲೇ ಬಿಟ್ಟುಹೋದ. ನಾಲ್ಕು ಬಾಗಿಲು, ಕೆನೆ ಬಣ್ಣ. ನೋಡಲು ಸಂಸಾರಸ್ಥರ ಗಾಡಿ, ಆದರೆ ಬಾನೆಟ್ ಎತ್ತಿದರೆ ಎರಡು ಕಾರ್ಬ್ಯುರೇಟರಿನ, ರೇಸಿಗೆ ಓಡಿಸಬಹುದಾದ ಎಂಜಿನ್. ನಾಲ್ಕು ವರ್ಷ ಅದು ಸ್ಟೋರಿನ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಮೇಲೆ ಬಿದ್ದ ಸಿಮೆಂಟ್ ಧೂಳು ಮಳೆಗಾಲದ ಹಸಿಗೆ ಗಟ್ಟಿಯಾಗಿ, ಕಾರಿಗೇ ಗಿಲಾವು ಮಾಡಿದಂತಾಗಿತ್ತು. ಬೇರೆ ಯಾರೂ ಅದನ್ನು ಕೇಳಲಿಲ್ಲ. ನಾನು ಕೇಳಿ ತೆಗೆದುಕೊಂಡೆ.

ಅದಕ್ಕೆ ಜೀವ ಕೊಟ್ಟವನು ಶಹಾಬಾದಿನ ಒಬ್ಬ ಮಿಸ್ತ್ರಿ. ನನ್ನದೇ ವಯಸ್ಸಿನವನು, ಬೇರೆಯವರ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಹುಣಸೆಹಣ್ಣಿನ ನೀರು ಬಳಿದು ಬಳಿದು ಸಿಮೆಂಟನ್ನು ಮೆತ್ತಗೆ ಮಾಡಿ ಕೆರೆದವನು ಅವನೇ. ಕಾರಿನ ಪುಸ್ತಕ ಜರ್ಮನ್ ಭಾಷೆಯಲ್ಲಿತ್ತು. ಅವನು ಗ್ಯಾರೇಜಿನ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಚೌಕ ಮನೆಗಳನ್ನು ಬರೆದು, ಬಿಚ್ಚಿದ ಒಂದೊಂದು ಭಾಗವನ್ನೂ ಅದರದರ ಮನೆಯಲ್ಲಿಟ್ಟು, ಅದೇ ಕ್ರಮದಲ್ಲಿ ತಿರುಗಿ ಜೋಡಿಸಿದ. ಸಿಗದ ಭಾಗಗಳನ್ನು ನಾನು ಹುಡುಕಿ ತರುತ್ತಿದ್ದೆ. ಕನ್ನಡಿ ಹೈದರಾಬಾದಿನಿಂದ, ಬಾಗಿಲಿನ ರಬ್ಬರು ಸೊಲ್ಲಾಪುರದಿಂದ. ನನಗೆ ಹಟ. ಅವನಿಗೂ ಹಟ. ಎರಡು ವರ್ಷದ ರಜಾದಿನಗಳೆಲ್ಲ ಹೀಗೇ ಕಳೆದವು.

ಕಾರಿನ ಸ್ಟೇರಿಂಗು ಎಡಗಡೆ ಇತ್ತು. ಚಿತ್ತಾಪುರದ ಚಹಾದಂಗಡಿಯವರು ಅದಕ್ಕೆ 'ಎಡಚಿ' ಎಂದು ಹೆಸರಿಟ್ಟರು. "ಎಡಚಿ ಬಂತು, ಹಾದಿ ಬಿಡ್ರಪ್ಪೋ" ಎಂದು ಕೂಗುತ್ತಿದ್ದರು. ತಮಾಷೆ ಏನೇ ಇರಲಿ, ತೊಂದರೆ ನಿಜವಾದದ್ದೇ. ನಮ್ಮ ರಸ್ತೆಯಲ್ಲಿ ಗಾಡಿ ಎಡಕ್ಕೆ ಹೋಗಬೇಕು. ಎಡಗಡೆಯೇ ಕೂತು ಓಡಿಸುವವನಿಗೆ ಮುಂದಿನ ಲಾರಿಯ ಆಚೆ ಏನೂ ಕಾಣುವುದಿಲ್ಲ. ಬಲಗಡೆ ಕೂತವರು ಇಣುಕಿ ಹೇಳಬೇಕು. ಆ ಸೀಟು ಮಿಸ್ತ್ರಿಯದು. ರಸ್ತೆ ಖಾಲಿ ಇದ್ದರೆ ಅವನು "ಬರ್ರಿ" ಎನ್ನುತ್ತಿದ್ದ. ಎದುರಿಗೆ ಏನಾದರೂ ಬರುತ್ತಿದ್ದರೆ "ಬಂತ್ರಿ" ಎನ್ನುತ್ತಿದ್ದ.

"ಮಿಸ್ತ್ರಿ, ಇವೆರಡೂ ಭಾಳ ಹತ್ರ ಅವ. ಬ್ಯಾರೆ ಏನರ ಇಟ್ಕೊಳ್ಳೋಣು" ಎಂದೆ ಒಮ್ಮೆ.

"ಕಿವಿ ಸಾಫ್ ಇಟ್ಕೋರಿ ಸಾಹೇಬ್ರ, ಮಾತ್ಯಾಕ ಬದಲಾಸ್ತೀರಿ?" ಎಂದು ನಕ್ಕ.

ಕಾರು ಓಡತೊಡಗಿದ ಮೇಲೆ ನನಗೆ ಒಮ್ಮೆಯೂ ತಪ್ಪು ಕೇಳಿಸಿರಲಿಲ್ಲ.

ಹೀಗಿರುವಾಗ ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ, ಗುತ್ತಿಗೆದಾರನೊಬ್ಬನ ಅಂಗಳದಲ್ಲಿ, ಇಂಥದೇ ಇನ್ನೊಂದು ಕಾರು ಬಿದ್ದಿದೆ ಎಂದು ತಿಳಿಯಿತು. ಹೈದರಾಬಾದಿನ ದಲಾಲನೊಬ್ಬ ಅದರ ಮೇಲೆ ಕಣ್ಣಿಟ್ಟಿದ್ದಾನೆ ಎಂದೂ ತಿಳಿಯಿತು. ನನಗೆ ಅದು ಬೇಕೇ ಬೇಕಿತ್ತು. ಅದರ ಗೇರ್‌ಬಾಕ್ಸ್ ಬೇಕಿತ್ತು. ಜೋಡಿ ಕಾರು ಇಟ್ಟುಕೊಂಡವನು ಎನಿಸಿಕೊಳ್ಳುವುದೂ ಬೇಕಿತ್ತು. ಆ ವಾರ ಮಿಸ್ತ್ರಿಗೂ ಒಂದು ಸುದ್ದಿ ಇತ್ತು. ನಮ್ಮ ಕಾರ್ಖಾನೆಯ ಅಂಬ್ಯುಲೆನ್ಸಿಗೆ ಡ್ರೈವರನಾಗಿ ಅವನನ್ನು ತೆಗೆದುಕೊಳ್ಳುವುದು ಬಹುತೇಕ ಗಟ್ಟಿಯಾಗಿತ್ತು. ಕಾಯಂ ನೌಕರಿ, ಕಾಲೊನಿಯಲ್ಲಿ ಮನೆ. ಎಂಟು ದಿನದಲ್ಲಿ ಆರ್ಡರು ಬರಬೇಕು.

ಬೆಳಿಗ್ಗೆ ವಾಡಿ ಬಿಟ್ಟೆವು. ಸೇಡಂ ದಾಟಿದ ಮೇಲೆ ಮುಂದೊಂದು ಜೀಪು ಧೂಳೆಬ್ಬಿಸುತ್ತ ಸಿಕ್ಕಿತು.

"ಅಂವನೇ ನೋಡು, ಮಿಸ್ತ್ರಿ. ಹೈದರಾಬಾದಿನ ದಲಾಲ."

"ಯಾರರ ಇರ್ಲಿ ಬಿಡ್ರಿ. ಕಾರು ಎಲ್ಲಿಗೂ ಓಡಿ ಹೋಗಂಗಿಲ್ಲ. ಅದಕ್ಕ ಗಾಲೀನೇ ಇಲ್ಲಂತ."

"ಹೋಗ್ಲೇನು?"

"ತಡೀರಿ. ಏನೂ ಕಾಣವಲ್ದು."

"ಈಗ?"

"ಬಂತ್ರಿ!"

ಅವನು ಹೇಳಿದ್ದು ಅದೇ. ಹೇಳಿದ್ದಷ್ಟೇ ಅಲ್ಲ, ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಹಿಂದಕ್ಕೆ ಸರಿಯಿರಿ ಎಂದು ಬೀಸಿದ. ನನಗೆ ಮಾತು ಕೇಳಿಸಿತ್ತು, ಕೈಯೂ ಕಂಡಿತ್ತು. ಎದುರಿನ ಗಾಡಿ ಎಷ್ಟು ದೂರವಿದ್ದೀತು, ಈ ಎಂಜಿನ್ನಿಗೆ ಅದೇನು ದೊಡ್ಡದು ಎಂದುಕೊಂಡು ಬಲಕ್ಕೆ ಎಳೆದೆ. ಎದುರಿಗೆ ಬಂದದ್ದು ತೊಗರಿ ಚೀಲ ಹೇರಿದ ಲಾರಿ. ಅದರ ಡ್ರೈವರ್ ಪಕ್ಕಕ್ಕೆ ತಿರುಗಿಸಿಕೊಂಡ ಕಾರಣ ಜೀವ ಉಳಿಯಿತು. ಲಾರಿಯ ಹಿಂಭಾಗ ನಮ್ಮ ಬಲಗಡೆಯ ಎರಡೂ ಬಾಗಿಲನ್ನು ಕೆರೆದುಕೊಂಡು ಹೋಯಿತು. ಬಾಗಿಲಿನ ಜೊತೆ ಹೊರಗಿದ್ದ ಆ ಕೈಯೂ ಸಿಕ್ಕಿತು. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಜೀಪು ನಿಂತು ತಿರುಗಿ ಬಂತು. ಅದರಲ್ಲಿದ್ದವರು ಮಲೇರಿಯಾ ಇಲಾಖೆಯವರು. ಅವರೇ ಮಿಸ್ತ್ರಿಯನ್ನು ಸೇಡಂ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಪೊಲೀಸ್ ಜಮಾದಾರ ನನ್ನನ್ನು ಕೇಳಿದ. ತಪ್ಪು ನನ್ನದೆಂದರೆ ಕಾರನ್ನು ಠಾಣೆಯಲ್ಲಿ ನಿಲ್ಲಿಸಿಕೊಂಡಾರು, ಮತ್ತೆ ಅದು ಕೈಗೆ ಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. "ಇವ 'ಬರ್ರಿ' ಅಂದಾನ್ರಿ. ಅದಕ್ಕ ಹೋದೆ" ಎಂದೆ.

ಮಂಚದ ಮೇಲಿದ್ದ ಮಿಸ್ತ್ರಿ ತಲೆ ಎತ್ತಿದ. "ಇಲ್ರಿ ಸಾಹೇಬ್ರ. ನಾ 'ಬಂತ್ರಿ' ಅಂದೀನಿ."

ಜಮಾದಾರ ನಕ್ಕ. "ನಡುವಿನ ಒಂದು 'ತ' ಸಲುವಾಗಿ ನಾ ಎಷ್ಟು ಕಾಗದ ಹಾಳು ಮಾಡ್ಲಿ? ಸ್ಟೋರಿನ ಸಾಹೇಬ್ರು ಹೇಳ್ಲಿಕತ್ತಾರ, ಬರ್ಕೋತೀನಿ." ಹಾಗೆಯೇ ಬರೆದುಕೊಂಡ.

ನಾಲ್ಕನೆಯ ದಿನ ನಮ್ಮ ಸಾರಿಗೆ ಅಧಿಕಾರಿ ಕರೆದು ಕೇಳಿದರು, ಆ ಮಿಸ್ತ್ರಿಯ ತಪ್ಪು ನಿಜವೇ ಎಂದು. ರಸ್ತೆ ನೋಡಿ ಹೇಳಲು ಬಾರದವನ ಕೈಗೆ ರೋಗಿಗಳನ್ನು ಹೇಗೆ ಕೊಡುವುದು ಎಂಬುದು ಅವರ ಪ್ರಶ್ನೆ. ಅದು ಸರಿಯಾದ ಪ್ರಶ್ನೆಯೇ. ನಿಜ ಎಂದೆ. ಮುರಿದ ಕೈ ಕೂಡಿದ ಮೇಲಾದರೂ ಅವನಿಗೆ ಸಿಗಬಹುದಾಗಿದ್ದ ನೌಕರಿ ಅಲ್ಲಿಗೆ ಮುಗಿಯಿತು.

ಅದರ ಮಾರನೆಯ ದಿನ ಮಧ್ಯಾಹ್ನ ಮಿಸ್ತ್ರಿಯ ಹೆಂಡತಿ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು.

"ಒಳಗ ಬರ್ರಿ, ಕುಂದ್ರಿ" ಎಂದೆ.

"ಕುಂದ್ರಂಗಿಲ್ಲ ಭಾಯಿಜಾನ್. ಒಂದೇ ಮಾತು ಕೇಳ್ತೀನಿ. ನಮ್ಮ ಮನಿಯವರು ಖರೇನೇ 'ಬರ್ರಿ' ಅಂದ್ರೇನು? ಇಲ್ಲ ಅಂತ ನನ್ನ ಮುಂದ ಆಣಿ ಮಾಡ್ಲಿಕತ್ತಾರ."

"ಖರೇನೇ" ಎಂದೆ.

"ನೀವ್ಯಾಕ ಸುಳ್ಳ ಹೇಳ್ತೀರಿ" ಎಂದಳು. ಕೇಳಿದ್ದಲ್ಲ, ನನ್ನ ಮಾತನ್ನು ಒಪ್ಪಿಕೊಂಡದ್ದು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ತಿಂಗಳೊಳಗೆ ಚಂದಾಪುರದ ಕಾರನ್ನು ತಂದೆ. ದಲಾಲ ಅದರ ಕಡೆ ತಲೆ ಹಾಕಿಯೇ ಇರಲಿಲ್ಲ. ಅದರ ಬಾಗಿಲು ಬಿಚ್ಚಿ ನನ್ನ ಕಾರಿಗೆ ಹಾಕಿಸಿದೆ. ಬೇರೆ ಮಿಸ್ತ್ರಿಯಿಂದ. ಮುಂದಿನ ವರ್ಷಗಳಲ್ಲಿ ಕಲಬುರ್ಗಿಯಿಂದ, ಹೈದರಾಬಾದಿನಿಂದ ಜನ ನೋಡಲು ಬಂದರು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಬಲಗಡೆ ಯಾರನ್ನು ಕೂಡಿಸಿಕೊಳ್ಳುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ನಾನು ಒಬ್ಬನೇ ಓಡಿಸುತ್ತಿದ್ದೆ, ಮುಂದಿನ ಗಾಡಿಯನ್ನು ದಾಟುತ್ತಿರಲಿಲ್ಲ.

ಮಿಸ್ತ್ರಿಯ ಮಣಿಕಟ್ಟು ಸೆಟೆದುಕೊಂಡೇ ಉಳಿಯಿತು. ಶಹಾಬಾದಿನಲ್ಲಿ ಸ್ಟೋವ್ ರಿಪೇರಿ ಮಾಡತೊಡಗಿದ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವನ ಅಂಗಡಿಗೆ ಹೋದೆ. ನಿಂತುಕೊಂಡೇ ಹೇಳಿದೆ. "ನೀ 'ಬಂತ್ರಿ' ಅಂದಿದ್ದಿ. ನನಗ ಕೇಳ್ಸಿತ್ತು. ತಪ್ಪು ನಂದು. ಮಾಫ್ ಮಾಡು."

ಅವನು ಸ್ಟೋವಿನ ಪಿನ್ನು ಕೆಳಗಿಡಲಿಲ್ಲ. "ನಾ ಏನಂದೀನಿ ನನಗ ಗೊತ್ತದ. ನನಗ್ಯಾಕ ಹೇಳ್ತೀರಿ? ನನ್ನ ಮನ್ಯಾಗ ಹೇಳ್ರಿ. ಸಾಹೇಬ್ರು ಸುಳ್ಳ ಹೇಳಂಗಿಲ್ಲ, ನೀವೇ ಅಂದಿರಬೇಕು ಅಂತಾಳ ಆಕಿ, ಇವತ್ತಿಗೂ. ನೌಕರಿ ಹೋಯ್ತು ಅಂತ ಎಂದೂ ಬೈದಿಲ್ಲ. ಸುಳ್ಳ ಯಾಕ ಆಣಿ ಮಾಡಿದ್ರಿ ಅಂತ ಕೇಳ್ತಾಳ."

ಅಲ್ಲಿಂದ ಅವನ ಮನೆ ಎರಡು ಓಣಿ ಆಚೆ. ಹೋದೆ. ಅವಳು ಚಹಾ ಕೊಟ್ಟಳು, ನನ್ನ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸಿದಳು, "ಭಾಳ ದಿನಕ್ಕ ಬಂದ್ರಿ ಭಾಯಿಜಾನ್" ಎಂದಳು. ನಾನು ಚಹಾ ಕುಡಿದು, ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಎದ್ದು ಬಂದೆ.

ಮಿಸ್ತ್ರಿ ಈಗ ಇಲ್ಲ. ಕಾರುಗಳನ್ನು ಕೊಟ್ಟುಬಿಟ್ಟಿದ್ದೇನೆ, ಅದರಿಂದ ಏನೂ ಹಗುರಾಗಲಿಲ್ಲ. ಅವಳು ಇದ್ದಾಳೆ, ಶಹಾಬಾದಿನಲ್ಲಿ ಮಗಳ ಮನೆಯಲ್ಲಿ. ಮಗಳಿಗೆ ಕನ್ನಡ ಓದಲು ಬರುತ್ತದೆ. ಈ ಕಾಗದಗಳನ್ನು ನಾನೇ ಒಯ್ದು ಕೊಡುತ್ತೇನೆ, ಓದಿ ಮುಗಿಯುವವರೆಗೆ ಅಲ್ಲೇ ಕೂಡುತ್ತೇನೆ, ಚಹಾ ಕೊಟ್ಟರೆ ಮುಟ್ಟುವುದಿಲ್ಲ. ಜಮಾದಾರನ ಮುಂದೆ, ಅಧಿಕಾರಿಯ ಮುಂದೆ ಹೇಳಿದ ಸುಳ್ಳಿಗೆ, ಕೈ ಮುರಿದುಕೊಂಡವನ ಹತ್ತಿರ ಒಮ್ಮೆಯಾದರೂ ತಪ್ಪೊಪ್ಪಿಕೊಂಡಿದ್ದೇನೆ. ನಾನು ಎಂದೂ ಕ್ಷಮೆ ಕೇಳದೆ ಉಳಿದಿರುವುದು ಮಿಸ್ತ್ರಿಯ ಹೆಂಡತಿಯನ್ನು. ಗಂಡನ ಮಾತಿಗಿಂತ ನನ್ನ ಮಾತು ಖರೆ ಎಂದು ನಂಬಿದವಳನ್ನು.