ಮೇಷ್ಟ್ರು ಕುರ್ಚಿ ಬಿಟ್ಟಿದ್ದು

ಮದುವೆಯಾಗಿ ಹೊಸನಗರಕ್ಕೆ ಬಂದಾಗ ನಮ್ಮ ಬಾಡಿಗೆ ಮನೆಯ ಸಾಮಾನೆಲ್ಲ ಒಂದೇ ಎತ್ತಿನ ಗಾಡಿಯಲ್ಲಿ ಬಂದಿತ್ತು. ಗಾಡಿಯವನು ಕಾಲು ಚಾಚಿ ಕೂರಲು ಜಾಗವೂ ಉಳಿದಿತ್ತು. ನನ್ನ ಗಂಡ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಒಂದು ಬೆತ್ತದ ಕುರ್ಚಿ, ಒಂದು ಮಂಚ, ಸಾಗರದ ನನ್ನ ತೌರಿನವರು ಕೊಟ್ಟ ಕನ್ನಡಿ, ಆಗಷ್ಟೇ ಬಳಕೆಗೆ ಬರತೊಡಗಿದ್ದ ಸ್ಟೀಲಿನ ನಾಲ್ಕಾರು ಪಾತ್ರೆ. ನಮ್ಮ ಐಶ್ವರ್ಯ ಅಷ್ಟೇ. ಅದು ಅತಿಯಾಯಿತೆಂದು ಯಾರಿಗಾದರೂ ಅನ್ನಿಸೀತೆಂದು ನಾನು ಎಣಿಸಿರಲಿಲ್ಲ.

ಅನ್ನಿಸಿದ್ದು ಇವರಿಗೇ. ಅರವತ್ತರ ದಶಕದ ಮಧ್ಯದ ಒಂದು ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ಮೇಷ್ಟ್ರುಗಳಿಗೊಂದು ಶಿಬಿರವಾಯಿತು. ಅಲ್ಲಿ ಯಾರೋ ಹಿರಿಯರು ಸರಳ ಬದುಕಿನ ಬಗ್ಗೆ ಮಾತಾಡಿದರಂತೆ. ಬಸ್ಸಿಳಿದು ಬಂದ ಇವರು ಕೈಕಾಲು ತೊಳೆಯದೆ ನಡುಮನೆಯಲ್ಲಿ ನಿಂತು ಸುತ್ತ ನೋಡಿದರು. ಕಳ್ಳತನವಾದ ಮನೆಯನ್ನು ಯಜಮಾನ ನೋಡುತ್ತಾನಲ್ಲ, ಹಾಗೆ. ಇವರ ದುಃಖ ಮಾತ್ರ ಏನೂ ಕಳುವಾಗಿಲ್ಲವಲ್ಲ ಎಂಬುದು.

"ಇದೆಲ್ಲ ಎಂತಕ್ಕೆ ಬೇಕು ನಮ್ಗೆ?" ಎಂದರು.

"ಯಾವುದು?"

"ಈ ಸಾಮಾನು. ಮನುಷ್ಯನ ಬದುಕಿಗೆ ಒಂದು ಅರ್ಥ ಬೇಡ್ವಾ?"

"ಮೊದ್ಲು ಕಾಫಿ ಕುಡೀರಿ."

"ಕಾಫಿ ಬಿಟ್ಟೆ," ಎಂದರು.

ಕುರ್ಚಿ ಪಕ್ಕದ ಮನೆಗೆ ಹೋಯಿತು. ಅಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಯಾವಾಗಲೂ ಒಳಕೋಣೆಯಲ್ಲೇ ಮಲಗಿರುತ್ತಿದ್ದರು. ಮಂಚ ಅದನ್ನು ಹೊತ್ತು ತಂದಿದ್ದ ಗಾಡಿಯವನಿಗೆ ಹೋಯಿತು. ಕನ್ನಡಿ ಕ್ಷೌರದ ಅಂಗಡಿಗೆ ಹೋಯಿತು. ಆಮೇಲೆ ಇವರು ಆ ಅಂಗಡಿಗೇ ಹೋಗಿ, ನನ್ನ ತೌರಿನ ಕನ್ನಡಿಯ ಮುಂದೆಯೇ ಗಡ್ಡ ಹೆರೆಸಿಕೊಂಡು ಬರುತ್ತಿದ್ದರು. ಸ್ಟೀಲ್ ಪಾತ್ರೆಗೆ ಕೈ ಹಾಕಿದಾಗ ಮಾತ್ರ, "ಅದನ್ನ ಮುಟ್ಟಿದ್ರೆ ನಾಳೆ ಬೆಳಗಿನ ಬಸ್ಸಿಗೆ ನಾನು ಸಾಗರಕ್ಕೆ ಹೋಗ್ತೀನಿ" ಎಂದೆ. ಪಾತ್ರೆ ಉಳಿದವು. ತಟ್ಟೆಯ ಬೆನ್ನಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಡುವುದನ್ನು ಕಲಿತೆ. ಅದರಲ್ಲಿ ಮೂಗು ಸ್ವಲ್ಪ ಅಗಲ ಕಾಣುತ್ತಿತ್ತು.

ಸಾಮಾನು ಹೋಯಿತಲ್ಲ, ಮನೆ ಖಾಲಿಯಾದೀತು ಎಂದುಕೊಂಡಿದ್ದೆ. ಆದರೆ ಸರಳ ಬದುಕಿಗೂ ಅದರದೇ ಸಾಮಾನುಗಳಿದ್ದವು. ಗಿರಣಿಯ ಹಿಟ್ಟು ಬೇಡವೆಂದು ಬೀಸುಕಲ್ಲು ಬಂತು. ಬಟ್ಟೆಯ ಮೋಹ ಬಿಡಲು ಚರಕ ಬಂತು. ಅಡಿಗೆಗೆ ಮಣ್ಣಿನ ಮಡಕೆ ಬಂದವು. ಅವು ಒಡೆಯುತ್ತವೆಂದು ಇನ್ನಷ್ಟು ಮಡಕೆ ಬಂದವು. ಸಕ್ಕರೆಯ ಬದಲು ಜೇನೆಂದು ಜೇನುಪೆಟ್ಟಿಗೆ, ಕಡೆಗೆ ಹಾಲಿಗೆ ಒಂದು ಮೇಕೆ. ಮೊದಲು ಮನೆಯಲ್ಲಿ ನಡೆದಾಡುತ್ತಿದ್ದೆವು, ಈಗ ದಾಟಾಡಬೇಕಾಯಿತು. ಈ ಬದುಕಿನ ಕೆಲಸವೆಲ್ಲ ನನ್ನ ಪಾಲಿಗೆ, ಅರ್ಥವೆಲ್ಲ ಇವರ ಪಾಲಿಗೆ. ಒಂದು ದಿನ ರೇಗಿಹೋಗಿ ಬೀಸುಕಲ್ಲಿನ ಮುಂದೆ ಇವರನ್ನೇ ಕೂರಿಸಿದೆ. ಸ್ವಲ್ಪ ಹೊತ್ತು ಬೀಸಿ, ಬೆವರು ಒರೆಸಿಕೊಂಡು, "ರೊಟ್ಟಿ ತಿನ್ಲೇಬೇಕು ಅಂತ ಎಂತ ಇದೆ? ಅನ್ನ ಸಾಕಲ್ಲ," ಎಂದರು. ಚರಕಕ್ಕೆ ತಂದ ಹತ್ತಿಯನ್ನು ಮೇಕೆ ತಿಂದಾಗ ನಾನು ಓಡಿಸಲು ಹೋಗಲಿಲ್ಲ. ಅದಕ್ಕಾದರೂ ಹಿಡಿಸಿತಲ್ಲ ಎಂದುಕೊಂಡೆ.

ಹೀಗಿರುವಾಗ ಶಾಲೆ ತಪಾಸಣೆಗೆ ಶಿವಮೊಗ್ಗದಿಂದ ಇನ್‌ಸ್ಪೆಕ್ಟರ್ ಬರುವುದೆಂದಾಯಿತು. ಅವರ ಊಟ ನಮ್ಮ ಮನೆಯಲ್ಲೆಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಜೊತೆಗೆ ಇನ್ನೊಂದು ಮಾತು: ಸಾಹೇಬರು ದಪ್ಪಗಿದ್ದಾರೆ, ಪ್ಯಾಂಟು ಹಾಕುತ್ತಾರೆ, ನೆಲದ ಮೇಲೆ ಕೂರಲಾರರು.

ಇವರ ಮುಖ ಸಣ್ಣದಾಯಿತು. "ಕೊಟ್ಟಿದ್ದನ್ನ ಕೇಳೋದು ಹೆಂಗೆ?" ಎಂದರು. ಕಡೆಗೆ ನಾನೇ ಪಕ್ಕದ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ನಮ್ಮ ಕುರ್ಚಿಯ ಮೇಲೆ ಕೂತಿದ್ದರು. ವಿಷಯ ಕೇಳಿ, "ತಗಂಡು ಹೋಗು ಮಗಾ," ಎಂದರು. "ಅದ್ರ ಜೊತೆಗೆ ನನ್ನೂ ಕರ್ಕಂಡು ಹೋಗು. ನೆಲದ ಮೇಲೆ ಕೂತ್ರೆ ನನ್ನ ಎಬ್ಸಕ್ಕೆ ಇಬ್ರು ಬೇಕು."

ಕುರ್ಚಿಯನ್ನು ಇವರು ಹೊತ್ತರು, ಅಜ್ಜಿಯನ್ನು ನಾನು ಹಿಡಿದುಕೊಂಡೆ. ಕುರ್ಚಿ ಇಳಿಸಿದ್ದೇ ತಡ, ಅಜ್ಜಿ ಅದರ ಮೇಲೆ ಕೂತುಬಿಟ್ಟರು. ಇನ್‌ಸ್ಪೆಕ್ಟರು ಬಂದಾಗಲೂ ಏಳಲಿಲ್ಲ.

"ಕೂತ್ಕಳಿ ಸ್ವಾಮಿ, ಚಾಪೆ ಹಾಸಿದೆ," ಎಂದು ಅಜ್ಜಿಯೇ ಉಪಚಾರ ಮಾಡಿದರು.

ಸಾಹೇಬರು ಹೆಡ್‌ಮಾಸ್ಟರ ಮುಖ ನೋಡಿದರು, ಹೆಡ್‌ಮಾಸ್ಟರು ನಮ್ಮವರ ಮುಖ ನೋಡಿದರು, ನಮ್ಮವರು ಜೇನುಪೆಟ್ಟಿಗೆ ನೋಡಿದರು. ಸಾಹೇಬರು ಗೋಡೆ ಹಿಡಿದು ಮೆಲ್ಲಗೆ ಇಳಿದರು. ಅರ್ಧ ದಾರಿಯಲ್ಲಿ ಚರ್ರೆಂದು ಸದ್ದಾಯಿತು. ಪ್ಯಾಂಟಿನ ಹೊಲಿಗೆ ಹಿಂದೆ ಉದ್ದಕ್ಕೂ ಬಿಚ್ಚಿತ್ತು.

ಹೆಡ್‌ಮಾಸ್ಟರು ಗೋಡೆಯ ಕಡೆ ತಿರುಗಿಕೊಂಡರು. ಅಜ್ಜಿ ಮಾತ್ರ, "ಚರಕ ಇದ್ಯಲ್ಲ ಮೇಷ್ಟ್ರೇ, ಒಂಚೂರು ನೂಲು ತೆಗ್ದು ಹೊಲ್ಕೊಡಿ," ಎಂದರು.

ಮೊದಲು ನಕ್ಕವರು ಸಾಹೇಬರೇ. ಇವರ ಖಾದಿ ಪಂಚೆ ಉಟ್ಟುಕೊಂಡು ಬಂದು ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತರು. ಎರಡು ಸಲ ಅನ್ನ ಹಾಕಿಸಿಕೊಂಡರು. ಅಂಗಡಿಯ ದಾರದಲ್ಲಿ ನಾನು ಪ್ಯಾಂಟು ಹೊಲಿಯುತ್ತಾ ಕೂತಿದ್ದೆ. ಊಟ ಮುಗಿಸಿ ಸಾಹೇಬರು, "ಅಜ್ಜಿ, ಕುರ್ಚಿ ಬಿಟ್ಟು ಏಳೋ ಹಾಗೆ ಕಾಣಲ್ಲ ನೀವು," ಎಂದು ತಮಾಷೆ ಮಾಡಿದರು.

"ಎಂತಕ್ಕೆ ಏಳ್ಲಿ? ಇಷ್ಟು ವರ್ಷ ಒಳಗೆ ಮಲ್ಗಿ ಜಂತಿ ನೋಡ್ತಿದ್ದೆ. ಮೇಷ್ಟ್ರು ಇದ್ನ ಕೊಟ್ಮೇಲೆ ಜಗಲೀಲಿ ಕೂತ್ಕತೀನಿ. ಬಸ್ಸಿಂದ ಯಾರು ಇಳೀತಾರೆ, ಯಾರ ದನ ಯಾರ ಗದ್ದೆಗೆ ಹೋಯ್ತು, ಎಲ್ಲ ಕಾಣ್ತದೆ. ಸತ್ತೋಗಿದಾಳೆ ಅಂದ್ಕಂಡಿದ್ದ ನನ್ನ ಗೆಳತಿ ಮೊನ್ನೆ ರಸ್ತೇಲಿ ಹೋಗ್ತಿದ್ಲು. ಕರ್ದು ಕೂರಿಸ್ಕಂಡೆ."

ಅವತ್ತು ಸಂಜೆ ಕುರ್ಚಿಯನ್ನೂ ಅಜ್ಜಿಯನ್ನೂ ಬಿಟ್ಟು ಬಂದ ಮೇಲೆ ಇವರು ಮೊದಲು ಕುರ್ಚಿ ಇರುತ್ತಿದ್ದ ಮೂಲೆಗೆ ಹೋಗಿ ನಿಂತರು. ಆಮೇಲೆ, "ಆ ಕುರ್ಚಿ ನಮ್ಮಲ್ಲಿದ್ದಾಗ ಅದರ ಮೇಲೆ ಎಂತ ಇರ್ತಿತ್ತು?" ಎಂದು ಕೇಳಿದರು.

"ನಿಮ್ಮ ಒಗೆಯೋ ಅಂಗಿ," ಎಂದೆ.

ಮೇಕೆಯನ್ನು ಅದೇ ವಾರ ನನ್ನ ಅಣ್ಣ ಬಂದು ಹೊಡೆದುಕೊಂಡು ಹೋದ. ಜೇನುನೊಣಗಳು ಯಾರನ್ನೂ ಕೇಳದೆ ತಾವಾಗಿಯೇ ಹೋದವು. ನಾನು ಗಿರಣಿಯ ಹಿಟ್ಟು ತರಿಸಿದೆ. ಅದರ ರೊಟ್ಟಿಯನ್ನು ಇವರು ಇನ್ನೊಂದು ಹಾಕಿಸಿಕೊಂಡು ತಿಂದರು. ಶಾಲೆ ಬಿಟ್ಟ ಮೇಲೆ ಪಕ್ಕದ ಮನೆ ಜಗಲಿಗೆ ಹೋಗಿ, ಅಜ್ಜಿಗೆ ಪೇಪರು ಓದಿ ಹೇಳುವುದು ಇವರಿಗೆ ರೂಢಿಯಾಯಿತು. ದಿಲ್ಲಿಯ ಸುದ್ದಿ ಓದಿದರೆ ಅಜ್ಜಿ, "ಅಲ್ಲಿ ಮಳೆ ಹಿಡೀತಾ?" ಎಂದು ಕೇಳುತ್ತಿದ್ದರು. ಅದನ್ನು ಬರೆದಿಲ್ಲ ಎಂದರೆ, "ಮತ್ತೆ ಎಂತ ಬರೀತಾರೆ ಇವ್ರು," ಎನ್ನುತ್ತಿದ್ದರು. ಬರಬರುತ್ತಾ ಅಕ್ಕಪಕ್ಕದವರೂ ಬಂದು ಕೂರತೊಡಗಿದರು. ಓದುವುದಕ್ಕಿಂತ ಜಗಳವೇ ಹೆಚ್ಚಾಯಿತು, ಜಗಳಕ್ಕಿಂತ ನಗು ಹೆಚ್ಚಾಯಿತು.

ಬದುಕಿಗೆ ಅರ್ಥ ಸಿಕ್ಕಿತೋ ಇಲ್ಲವೋ, ಇವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟಕ್ಕೆ ಮಾತ್ರ ದಿನವೂ ತಡವಾಗಿ ಬರತೊಡಗಿದರು.