ನಾನು ಓದಿದೆನೆಂದ ದಿನಚರಿ

ಹೋಗದ ತರಬೇತಿಗೆ ಹೋಗಿದ್ದೆನೆಂದು ನಾನು ಸಹಿ ಹಾಕಿದೆ. ಓದಲಾಗದ ಪುಸ್ತಕವನ್ನು ಓದಿದೆನೆಂದು ಹೇಳಿದೆ. ಈ ಎರಡು ಸುಳ್ಳುಗಳಿಂದ ಜವಳಗಿರಿ ಕಡೆಯ ಮಾದಮ್ಮ ಎಂಬ ಹೆಂಗಸಿನ ನಿಜವಾದ ದೂರು ತಿರಸ್ಕೃತವಾಯಿತು.

ಹೊಸೂರಿನ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಸಮಿತಿಗೆ ಸಾರ್ವಜನಿಕರ ಪರವಾಗಿ ನನ್ನನ್ನು ಸೇರಿಸಿಕೊಂಡರು. ಇದ್ದದ್ದು ಮೂವರೇ—ಅಧ್ಯಕ್ಷರಾಗಿ ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ, ನಾನು. ನನ್ನಂಥವರಿಗೆ ತರಬೇತಿ ಕಡ್ಡಾಯ. ಕೃಷ್ಣಗಿರಿಯಲ್ಲಿ ನಾಲ್ಕು ದಿನ ಕಾನೂನಿನ ಪಾಠ. ಆಮೇಲೆ ಎರಡು ದಿನ ಠಾಣೆಯಲ್ಲಿ ಕೂತು ಅಲ್ಲಿನ ದಾಖಲೆ ಓದುವುದನ್ನು ಕಲಿಯಬೇಕು. ಆ ಎರಡು ದಿನ ನಾನು ಹೋಗಲಿಲ್ಲ.

ಹೊಸೂರು ತಮಿಳುನಾಡಿಗೆ ಸೇರಿದ್ದು, ಠಾಣೆಯ ದಾಖಲೆಯೆಲ್ಲ ತಮಿಳು ಕೈಬರಹದಲ್ಲಿ. ತಮಿಳನ್ನು ನಾನು ಮನೆಮಾತಿನ ಹಾಗೆ ಆಡುತ್ತೇನೆ. ಅಚ್ಚಿನ ಅಕ್ಷರವನ್ನು ಕೂಡಿಸಿಕೊಂಡು ಓದಬಲ್ಲೆ. ಕೈಬರಹ ಮಾತ್ರ—ಬಾರದು. ಠಾಣೆಯಲ್ಲಿ ಯಾರಾದರೂ "ಓದಿ ಮೇಡಂ" ಎಂದುಬಿಟ್ಟರೆ? ಊರೆಲ್ಲ ಟೀಚರಮ್ಮ ಎಂದು ಕರೆಯುವವಳು ಪೊಲೀಸರ ಮುಂದೆ ತಡವರಿಸುವುದೇ? ಮೈ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದೆ. ಆಮೇಲೆ ಬಂದ ಹಾಜರಿ ಹಾಳೆಯಲ್ಲಿ ಆರೂ ದಿನಗಳ ಎದುರು ಸಹಿ ಮಾಡಿದೆ.

ನಾಲ್ಕು ತಿಂಗಳಿಗೆ ಮಾದಮ್ಮ ಬಂದಳು. ಅವಳ ಗಂಡ ಮುನಿರಾಜು ಬೀನ್ಸ್ ಬೆಳೆಯುವವನು. ಪಕ್ಕದ ತೋಟದ ಮೋಟರ್ ಕಳುವಾಗಿ ಅವನ ಮೇಲೆ ಅನುಮಾನ ಬಿದ್ದಿತ್ತು.

"ಬೆಳಿಗ್ಗೆ ಬೀನ್ಸ್ ಕೀಳ್ತಿದ್ದೋನ್ನ ಜೀಪಲ್ಲಿ ಕೂರಿಸ್ಕೊಂಡ್ ಹೋದ್ರು ಸಾಮಿ. ಸಂಜೆಗಂಟ ಹೊಡ್ದು ಬಲಗೈ ಮುರ್ದವ್ರೆ," ಎಂದಳು.

ಠಾಣೆಯವರು ಹೇಳಿದ್ದೇ ಬೇರೆ: ನಾವು ಕರೆತರಲಿಲ್ಲ, ಸಂಜೆ ತಾನಾಗಿಯೇ ಬಂದ, ಬರುವಾಗಲೇ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಿದ್ದ.

ಠಾಣೆಯ ದಿನಚರಿ ನಮ್ಮ ಮುಂದೆ ಬಂತು—ಯಾರು ಎಷ್ಟು ಹೊತ್ತಿಗೆ ಹೋದರು, ಬಂದರು ಎಂದು ಬರೆದಿಡುವ ದಪ್ಪ ಪುಸ್ತಕ. ಅಧ್ಯಕ್ಷರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಸಮಿತಿಯ ನಿವೃತ್ತ ಅಧಿಕಾರಿ ಆಗಲೇ ಠಾಣೆಯ ಮಾತನ್ನು ನಂಬಿದ್ದರು. ಅಧ್ಯಕ್ಷರು ಪುಸ್ತಕವನ್ನು ನನ್ನತ್ತ ಸರಿಸಿ, "ಬೆಳಿಗ್ಗೆ ಜೀಪು ಹೊರಟದ್ದು ಇದೆಯಾ ನೋಡಿ," ಎಂದರು.

ನಾನು ಕನ್ನಡಕ ಹಾಕಿಕೊಂಡೆ. ಹಾಳೆ ತಿರುವಿದೆ. ಒಂದು ಸಾಲಿನ ಮೇಲೆ ಬೆರಳನ್ನೂ ಆಡಿಸಿದೆ.

"ಹಾಗೇನೂ ಕಾಣಿಸುತ್ತಿಲ್ಲ, ಸರ್."

ಅಷ್ಟೇ. ದೂರು ವಜಾ ಆಯಿತು. ಮಾದಮ್ಮ ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಾ ನಿಂತಿದ್ದಳು. ಆ ನೋಟ ನನ್ನನ್ನು ಬಿಡಲಿಲ್ಲ—ನಿಜಕ್ಕೂ ಅದರಲ್ಲಿ ಏನಿತ್ತು?

ಅವಧಿ ಮುಗಿದು ನನ್ನನ್ನೇ ಮತ್ತೆ ಮುಂದುವರಿಸಿದಾಗ ತರಬೇತಿಯೂ ಮತ್ತೆ ಬಂತು. ಈ ಸಲ ಹೋದೆ. ಪಶ್ಚಾತ್ತಾಪದಿಂದ ಎಂದರೆ ಸುಳ್ಳಾದೀತು. ತಿಳಿಯಬೇಕು ಎಂಬ ಕುತೂಹಲದಿಂದ. ಅದು ಬೇರೆ ಠಾಣೆ. ದಾಖಲೆ ಬರೆಯುತ್ತಿದ್ದವಳು ತಳಿ ಎಂಬ ಊರಿನ ಕಡೆಯ ಒಬ್ಬ ಮಹಿಳಾ ಪೇದೆ, ಕನ್ನಡದವಳೇ. ಕೂತ ಕೂಡಲೇ ಹೇಳಿಬಿಟ್ಟೆ—ನನಗೆ ತಮಿಳು ಕೈಬರಹ ಓದಲು ಬಾರದು. ಅವಳು ನಗಲಿಲ್ಲ.

"ಮೊದ್ಲು ಅಕ್ಷರ ನೋಡ್ಬೇಡಿ ಮೇಡಂ. ಗಂಟೆ ನೋಡ್ಕೊಂಡ್ ಹೋಗಿ. ಜೀಪು ಎಷ್ಟೊತ್ಗೆ ಹೋಯ್ತು, ಎಷ್ಟೊತ್ಗೆ ಬಂತು. ಅಂಕಿ ಎಲ್ಲಾರ್ಗೂ ಒಂದೇ ಅಲ್ವಾ?"

ಮಧ್ಯಾಹ್ನದ ಹೊತ್ತಿಗೆ ನಾನು ಶಾಲೆಯ ಹುಡುಗಿಯ ಹಾಗೆ ಪ್ರಶ್ನೆ ಕೇಳುತ್ತಿದ್ದೆ. ಪ್ರತಿ ಸಾಲಿಗೂ ಕ್ರಮಸಂಖ್ಯೆ ಏಕೆ? ನಡುವೆ ಖಾಲಿ ಸಾಲು ಏಕೆ ಬಿಡಬಾರದು? ಜೀಪಿಗೆ ಬೇರೆಯೇ ಪುಸ್ತಕ ಏಕೆ? ಎಷ್ಟು ಖುಷಿಯಾಗಿತ್ತು ನನಗೆ—ಆಮೇಲೆ ಮಾದಮ್ಮನ ದಿನಚರಿ ನೆನಪಾಯಿತು.

ತರಬೇತಿ ಮುಗಿದ ಮರುದಿನವೇ ಸಮಿತಿಯ ಕಚೇರಿಯಲ್ಲಿ ಹಳೆಯ ಕಡತ ತೆಗೆಸಿದೆ. ಆ ದಿನಚರಿಯ ನಕಲು ಅದರಲ್ಲಿತ್ತು. ಬೆಳಿಗ್ಗೆ 9.40ಕ್ಕೆ ಜೀಪು ಹೊರಟಿತ್ತು. ಪಕ್ಕದಲ್ಲಿದ್ದ ಊರಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿದೆ—ಮಾದಮ್ಮನ ಊರು. 11.15ಕ್ಕೆ ವಾಪಸು. ಮುಂದಿನ ಮಾತನ್ನು ಗುಮಾಸ್ತರಿಂದ ಓದಿಸಿದೆ: ಜೊತೆಗೆ ಒಬ್ಬ ಗಂಡಸು.

ಎರಡು ಸುಳ್ಳನ್ನೂ ಬರೆದು ಅಧ್ಯಕ್ಷರಿಗೆ ಕೊಟ್ಟೆ. ನನ್ನನ್ನು ಸಮಿತಿಯಿಂದ ತೆಗೆದರು, ಅದು ಸರಿಯೇ. ದೂರನ್ನು ಮತ್ತೆ ವಿಚಾರಿಸಿ ನಿಜವೆಂದು ಒಪ್ಪಿದರು, ಇಬ್ಬರು ಪೊಲೀಸರ ಮೇಲೆ ಕ್ರಮಕ್ಕೆ ಬರೆದರು.

ಆಮೇಲೆ ಮಾದಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಎಲ್ಲ ಹೇಳಿದೆ. ಅವಳು ಕೊನೆಗೆ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು:

"ಓದಕ್ ಬರಲ್ಲ ಅಂತ ನಾನು ಹೋದ್ ಕಡೆಯೆಲ್ಲಾ ಹೇಳ್ತೀನಿ. ನೀವ್ಯಾಕ್ ಹೇಳ್ನಿಲ್ಲ ಟೀಚರಮ್ಮ?"

ನಾಚಿಕೆಯಾಯಿತು ಎನ್ನಬಹುದಿತ್ತು. ಆಗ ಮುನಿರಾಜು ಒಳಗಿನಿಂದ ಬಂದ—ಎಡಗೈಯಲ್ಲಿ ಲೋಟ ಹಿಡಿದು, ನನಗೆ ನೀರು ತಂದಿದ್ದ.